ಮೂರು ಗೆರೆ, ಒಂದು ಗೆರೆ

ಬ್ಯಾಡಗಿ ಕಡೆಯ ಆ ಅಣ್ಣ ಬುಟ್ಟಿ ಹೊತ್ತುಕೊಂಡು ಬಂದಾಗ ಕೋಳಿ ಪ್ರದರ್ಶನದ ಜಡ್ಜ್ ನಮ್ಮ ಪಂಜರದ ಮುಂದೆಯೇ ನಿಂತಿದ್ದರು. ಹತ್ತು ನಿಮಿಷ ತಡವಾಗಿ ಬಂದಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ತಪ್ಪು ಮಾತ್ರ ಇನ್ನೊಂದು ವರ್ಷ ಹಾಗೇ ನಡೆಯುತ್ತಿತ್ತು.

ನಾನು ಧಾರವಾಡದ ಹತ್ತಿರ ಒಂದು ಫಾರ್ಮಿನಲ್ಲಿ ಸೂಪರ್‌ವೈಸರ್. ಮೊದಲು ಬ್ರಾಯ್ಲರ್ ಶೆಡ್ ನೋಡುತ್ತಿದ್ದೆ. ನಾಲ್ಕು ವರ್ಷದ ಹಿಂದೆ ಮಾಲಕರಿಗೆ ಅಸೀಲ್ ಅನ್ನುವ ಕೋಳಿ ತಳಿಯ ಹುಚ್ಚು ಹಿಡಿಯಿತು, ಆ ಹುಚ್ಚು ನನ್ನ ಹೆಗಲಿಗೆ ಬಂತು. ಅಸೀಲ್ ಅಂದ ಕೂಡಲೇ ಜನ "ಕಾಳಗಕ್ಕೇನ್ರಿ?" ಅಂತ ಕಣ್ಣು ಹೊಡೆಯುತ್ತಾರೆ. ಅಲ್ಲ ಮಾರಾಯರೇ. 1960ರ ಕಾಯ್ದೆಯಲ್ಲೇ ಕಾಳಗ ಅಪರಾಧ. ನಾವು ತಳಿ ಉಳಿಸಿ, ಸ್ಟ್ಯಾಂಡರ್ಡ್ ಪ್ರಕಾರ ಬೆಳೆಸಿ ಪ್ರದರ್ಶನಕ್ಕೆ ಒಯ್ಯುವವರು. ಇದನ್ನು ಹೇಳಿ ಹೇಳಿ ಬಾಯಿ ನೋವು ಬಂದಿದೆ.

ಸ್ಟ್ಯಾಂಡರ್ಡ್, ಅಂದರೆ ತಳಿ ಹೀಗೇ ಇರಬೇಕು ಅನ್ನುವ ಪಟ್ಟಿ, ಅದಕ್ಕೂ ಒಂದು ಕಥೆ. ಕೋಳಿ ನಮ್ಮ ದೇಶದ್ದು. ನಮ್ಮ ಮಾಲಕರು ಲ್ಯಾಮಿನೇಟ್ ಮಾಡಿಸಿ ಶೆಡ್ಡಿನಲ್ಲಿ ನೇತುಹಾಕಿದ್ದು ಅಮೆರಿಕದವರು ಬರೆದ ಹಾಳೆ. ಅವರ ಪುಸ್ತಕ ಮೊದಲು ಬಂದದ್ದು 1874ರಲ್ಲಿ, ಅಸೀಲ್ ಅದರೊಳಗೆ ಸೇರಿದ್ದು 1981ರಲ್ಲಿ. ನೂರು ವರ್ಷ ತಡ. ಇಲ್ಲಿನ ಜಡ್ಜುಗಳಲ್ಲಿ ಆಂಧ್ರದ ಕಡೆಯವರು ಒಂದು ನೋಡುತ್ತಾರೆ, ಗಿಳಿಮೂಗು ಉದ್ದ ಬಾಲದ ಕೋಳಿ ಸಾಕುವ ತಮಿಳುನಾಡಿನವರು ಇನ್ನೊಂದು ನೋಡುತ್ತಾರೆ. ಆದರೆ ಒಂದು ಮಾತಿಗೆ ಇಬ್ಬರೂ ಒಪ್ಪುತ್ತಾರೆ: ಅಸೀಲಿಗೆ ಬಟಾಣಿ ಜುಟ್ಟು ಇರಬೇಕು. ಬಟಾಣಿ ಕಾಳು ಮೂರು ಸಾಲಾಗಿ ಒತ್ತಿಟ್ಟಂತೆ, ತಲೆಗೆ ಅಂಟಿಕೊಂಡ ಜುಟ್ಟು. ನಮ್ಮ ಜವಾರಿ ಕೋಳಿಗಿರುವ ಗರಗಸದ ಜುಟ್ಟು ಬಂತೋ, ಮುಗೀತು.

ನಮ್ಮ 17 ನಂಬರಿನ ಪೀಲಾ ಹುಂಜ ನೋಡಿದರೆ ಯಾರಾದರೂ ನಿಲ್ಲಬೇಕು. ಬಂಗಾರದ ಕೆಂಪು. ಪುಕ್ಕ ಎಷ್ಟು ಬಿಗಿ ಅಂದರೆ ಎದೆಮೂಳೆಯ ಮೇಲೆ ಕೆಂಪು ಚರ್ಮ ಹಾಗೇ ಕಾಣುತ್ತದೆ. ನಾಲ್ಕು ಕೆಜಿ ತೂಕ, ನಿಂತರೆ ಗೂಟ ನೆಟ್ಟಂತೆ. ಗಂಟಲ ಕೆಳಗೆ ಜೋಲು ಇಲ್ಲವೇ ಇಲ್ಲ ಅನ್ನುವಷ್ಟು. ಜುಟ್ಟಿನ ನಡುಸಾಲು ಮಾತ್ರ ಪಕ್ಕದ ಎರಡಕ್ಕಿಂತ ಒಂದು ಚೂರು ಎತ್ತರ. ಕೊಂಡ ದಿನವೇ ಅದು ನನ್ನ ಕಣ್ಣಿಗೆ ಬಿದ್ದಿತ್ತು. ವಯಸ್ಸಿನ ಹುಂಜ, ಇರಲಿ ಬಿಡು ಅಂದುಕೊಂಡೆ. ಹೋದ ವರ್ಷ ಫಸ್ಟ್ ಬಂತು. ಗೇಟಿನಲ್ಲಿ ಅದರ ಫೋಟೊ ಹಾಕಿ ಫ್ಲೆಕ್ಸ್ ಕಟ್ಟಿದೆವು. ಫ್ಲೆಕ್ಸಿನಲ್ಲಿ ಮಾಲಕರ ಮುಖ ಹುಂಜಕ್ಕಿಂತ ದೊಡ್ಡದು, ಅದು ಬೇರೆ ಮಾತು.

ಈ ವರ್ಷದ ಪ್ರದರ್ಶನಕ್ಕೆ ಮೂರು ದಿನ ಮೊದಲೇ ಕಾಲು ತೊಳೆದು, ಪೊರೆ ಸಂದಿಯ ಕೊಳೆ ತೆಗೆದು, ಕೊಬ್ಬರಿ ಎಣ್ಣೆ ಹಚ್ಚಿದ್ದೆ. ಜಡ್ಜ್ 17ನ್ನು ಕೈಗೆ ತೆಗೆದುಕೊಂಡು ರೆಕ್ಕೆ ಬಿಡಿಸಿದರು. ಅಷ್ಟರಲ್ಲಿ ಹಿಂದಿನಿಂದ ದನಿ ಬಂತು.

"ಸರ, ಇವು ನಿಮ್ಮವನ ನೋಡ್ರಿ. ರಿಂಗ್ ತಗದಿಲ್ಲ."

ಬುಟ್ಟಿಯ ಮೇಲಿನ ಗೋಣಿಚೀಲ ಸರಿಸಿದರು. ನಾಲ್ಕು ತಿಂಗಳಿನ ಮೂರು ಹುಂಜ. ಕಾಲು ಅಸೀಲಿನದು, ಕತ್ತು ಅಸೀಲಿನದು. ತಲೆ ಮೇಲೆ ಮಾತ್ರ ಕೆಂಪಗೆ, ನೆಟ್ಟಗೆ, ಐದೈದು ಹಲ್ಲಿನ ಗರಗಸ. ಕಾಲಿನ ರಿಂಗ್ ನಂಬರ್ ನನ್ನ ಕೈಬರಹದ ರಿಜಿಸ್ಟರಿನಲ್ಲಿ ಇರುವವೇ.

"ಇಪ್ಪತ್ತನಾಕು ಮರಿ ಒಯ್ದಿದ್ನಿರಿ, ಒಂದಕ್ಕ ಆರನೂರು. ಜವಾರಿ ಕೋಳಿಗೆ ಆರನೂರು ಕೊಟ್ಟ್ಯಾನ ಅಂತ ಊರಾಗ ಮಂದಿ ನಗಾಕತ್ತಾರ."

ನನ್ನ ಬಾಯಿಂದ ಮೊದಲು ಬಂದದ್ದು ಏನು ಗೊತ್ತಾ? "ನಿಮ್ಮ ಮನಿ ಕೋಳಿ ಜೋಡಿ ಬೆರತಿರಬೇಕ್ರಿ." ಹತ್ತು ದಿನದ ಮರಿ ಒಯ್ದವರಿಗೆ ಈ ಮಾತು! ಅವರು ಸಿಟ್ಟಾಗಲಿಲ್ಲ. ಸುಮ್ನೆ ನನ್ನ ಮುಖ ನೋಡಿದರು. ಜಡ್ಜ್ ಬುಟ್ಟಿ ನೋಡಿದರು, ಕೈಯಲ್ಲಿದ್ದ 17ರ ಜುಟ್ಟಿನ ನಡುಸಾಲಿನ ಮೇಲೆ ಹೆಬ್ಬೆರಳು ಇಟ್ಟು ಒಮ್ಮೆ ಸವರಿದರು. ಪಕ್ಕದ ಪಂಜರದವರೆಲ್ಲ ಮಾತು ನಿಲ್ಲಿಸಿದ್ದರು. ನನ್ನ ಕಿವಿ ಬಿಸಿಯಾಗಿತ್ತು.

"ನಾ ಮಾರ್ಕ್ಸ್ ಕೊಡೂದು ಪಂಜರದಾಗಿನ ಕೋಳಿಗೆ," ಅಂದರು ಜಡ್ಜ್. "ಬುಟ್ಟ್ಯಾಗಿಂದು ನೀವು ನೋಡ್ಕೋರಿ."

17 ಮತ್ತೆ ಫಸ್ಟ್ ಬಂತು. ಆ ಅಣ್ಣ ಬುಟ್ಟಿ ಪಕ್ಕಕ್ಕೆ ಇಟ್ಟುಕೊಂಡು, ನಾನು ಕಪ್ ತೆಗೆದುಕೊಳ್ಳುವ ತನಕ ಅಲ್ಲೇ ಕೂತಿದ್ದರು. ಅವರು ಹೋರಿ ಹಬ್ಬಕ್ಕೆ ಹೋರಿ ಕಟ್ಟುವವರು. ಹೋಗುವಾಗ ಹೇಳಿದರು: "ಹೋರಿ ತರುವಾಗ ತಾಯಿ ನೋಡ್ತೀವಿ, ತಾಯಿಯ ತಾಯಿ ಕೇಳ್ತೀವಿ. ಕಪ್ ನೋಡಿ ಕೋಳಿ ಒಯ್ದ್ನಿ, ನಂದ ತಪ್ಪು ಬಿಡ್ರಿ." ಬೈದಿದ್ದರೆ ಚೆನ್ನಾಗಿತ್ತು.

ತಪ್ಪು ಅವರದ್ದಲ್ಲ. 17ರ ಕತ್ತು, ಕಾಲು ತಳಿಯಲ್ಲಿ ಗಟ್ಟಿಯಾಗಲಿ ಅಂತ ನಾನೇ ಅದರ ಹೆಣ್ಣುಮಕ್ಕಳನ್ನು ಮತ್ತೆ ಅದಕ್ಕೇ ಬಿಟ್ಟಿದ್ದೆ. ಲೈನ್ ಬ್ರೀಡಿಂಗ್ ಅಂತ ದೊಡ್ಡದಾಗಿ ಹೇಳಿಕೊಂಡೂ ತಿರುಗಿದ್ದೆ. 17ರ ಜುಟ್ಟು ಹೊರಗೆ ಬಟಾಣಿ, ಒಳಗೆ ಒಂದು ಪಾಲು ಗರಗಸ ಅಡಗಿತ್ತು. ಬಟಾಣಿ ಗುಣದ್ದೇ ಮೇಲುಗೈ, ಹಾಗಾಗಿ ಕಾಣಲಿಲ್ಲ. ಹಳೇ ಹೇಂಟೆಗಳು ಶುದ್ಧ ಇದ್ದವು, ಮೊದಲ ವರ್ಷದ ಮರಿ ಎಲ್ಲ ಬಟಾಣಿ. ಆದರೆ ಹೆಣ್ಣುಮಕ್ಕಳಲ್ಲಿ ಅರ್ಧದಷ್ಟು ಅಪ್ಪನ ಗರಗಸ ಬಚ್ಚಿಟ್ಟುಕೊಂಡಿದ್ದವು. ಅಂಥವು ಅಪ್ಪನ ಜೊತೆ ಸೇರಿದರೆ ನಾಲ್ಕರಲ್ಲಿ ಒಂದು ಮರಿಗೆ ಗರಗಸ. ಎಲ್ಲ ಸೇರಿಸಿದರೆ ಎಂಟಕ್ಕೆ ಒಂದು. ಇಪ್ಪತ್ತನಾಲ್ಕಕ್ಕೆ ಮೂರು. ಲೆಕ್ಕ ನೋಡಿ, ಎಷ್ಟು ಸರಿಯಾಗಿ ಬಂತು! ಬೇಟ್ಸನ್ ಅನ್ನುವ ಇಂಗ್ಲೆಂಡಿನ ವಿಜ್ಞಾನಿ 1902ರಲ್ಲೇ ಕೋಳಿ ಜುಟ್ಟಿನ ಮೇಲೆ ಇದನ್ನು ತೋರಿಸಿದ್ದ. ಡಿಪ್ಲೊಮಾ ಪರೀಕ್ಷೆಯಲ್ಲಿ ಅದಕ್ಕೆ ಐದು ಮಾರ್ಕ್ಸ್ ತಗೊಂಡವನು ನಾನು.

ಇನ್ನೂ ಚುಚ್ಚುವುದು ಬೇರೆ ಇದೆ. ಆ ಬ್ಯಾಚ್ ಒಡೆದ ದಿನ ಕರೆಂಟ್ ಹೋಗಿತ್ತು, ಜನರೇಟರಿಗೆ ಡೀಸೆಲ್ ಇರಲಿಲ್ಲ. ಮರಿಗೆ ಶಾಖ ಕೊಡುವ ಬ್ರೂಡರ್ ತಣ್ಣಗಾಗುತ್ತಿತ್ತು. ಹ್ಯಾಚರಿ ನೋಡಿಕೊಳ್ಳುವ ಕಾಕು ಒಂದು ಮರಿಯನ್ನು ಅಂಗೈಯಲ್ಲಿ ಹಿಡಿದು ಬಂದರು. "ಸರ, ಇದರ ನೆತ್ತಿ ಮ್ಯಾಲ ಒಂದ ಗೆರಿ ಐತ್ರಿ. ಉಳದವಕ್ಕ ಮೂರು ಅದಾವ." ನಾನು ತಲೆ ಎತ್ತಲೂ ಇಲ್ಲ. "ಕಾಕು, ಗೆರಿ ಆಮ್ಯಾಲ ಎಣಸೂಣು, ಮೊದಲ ಒಳಗ ಬಿಡ್ರಿ." ಮೂರು ಗೆರೆ ಅಂದರೆ ಬಟಾಣಿ, ಒಂದೇ ಗೆರೆ ಅಂದರೆ ಗರಗಸ. ಆಮೇಲೆ ಎಣಿಸಲಿಲ್ಲ. ಎಣಿಸಿದ್ದರೂ ಬರೆಯಲು ಜಾಗ ಇರಲಿಲ್ಲ. ಮಾಲಕರು ದುಡ್ಡು ಕೊಟ್ಟು ತಂದ ಆ್ಯಪಿನಲ್ಲಿ ಫೀಡ್ ಇದೆ, ತೂಕ ಇದೆ, ಮಾರ್ಟಾಲಿಟಿ ಇದೆ, ಎಷ್ಟು ಫೀಡಿಗೆ ಎಷ್ಟು ತೂಕ ಬಂತು ಅನ್ನುವ ಎಫ್‌ಸಿಆರ್ ಇದೆ. ಜುಟ್ಟಿಗೆ ಕಾಲಂ ಇಲ್ಲ. ಬ್ರಾಯ್ಲರಿಗೆ ಮಾಡಿದ ಆ್ಯಪ್, ಅದಕ್ಕೇನು ಗೊತ್ತು?

ಮಾಲಕರಿಗೆ ಹೇಳಿದೆ. "ಫಸ್ಟ್ ಬಂತಲ್ಲೋ ತಮ್ಮಾ, ಮತ್ತೇನ ಬೇಕು ನಿನಗ?" ಅಂದರು. ಮೂರು ಮರಿಯ 1800 ರೂಪಾಯಿ ನನ್ನ ಜೇಬಿನಿಂದ ಹೋಯಿತು.

ಆಮೇಲೆ 17ರ ಒಳಗೆ ಗರಗಸ ಇದೆಯೋ ಇಲ್ಲವೋ ಖಚಿತ ಮಾಡಿಕೊಳ್ಳಲು ಕಾಕು ಮನೆಯಿಂದ ಮೂರು ಜವಾರಿ ಹೇಂಟೆ ತಂದೆ, ಮೂರಕ್ಕೂ ಗರಗಸದ ಜುಟ್ಟು. ಮೂರು ವಾರ ಬೇರೆ ಇಟ್ಟೆ, ಹಿಂದಿನ ಹುಂಜದ ಬೀಜ ಅಷ್ಟು ದಿನ ಹೊಟ್ಟೆಯಲ್ಲಿ ಉಳಿಯಬಹುದು. ಆಮೇಲೆ 17ನ್ನು ಬಿಟ್ಟೆ. ಇಂಥ ಜೋಡಿಯಲ್ಲಿ ಏಳು ಮರಿ ಸಾಲಾಗಿ ಬಟಾಣಿ ಬಂದರೆ ಹುಂಜ ಶುದ್ಧ ಅಂತ ಹೆಚ್ಚುಕಡಿಮೆ ನಂಬಬಹುದು. ಒಳಗೆ ಗರಗಸ ಇದ್ದೂ ಹಾಗೆ ಬರುವುದು ನೂರಕ್ಕೆ ಒಂದು ಸಲವೂ ಇಲ್ಲ. ಹದಿನೈದು ತತ್ತಿ ಇಟ್ಟೆವು, ಏಳನೇ ದಿನ ಟಾರ್ಚ್ ಹಿಡಿದಾಗ ಎರಡು ಖಾಲಿ. ಇಪ್ಪತ್ತೊಂದನೇ ದಿನ ಹನ್ನೆರಡು ಮರಿ. ಕಾಕು ಒಂದೊಂದೇ ಎತ್ತಿ, ಒದ್ದೆ ಕೂದಲು ಉಗುರಲ್ಲಿ ಸರಿಸಿ, ಬೆಳಕಿಗೆ ಹಿಡಿದರು. ಮೂರು. ಮೂರು. ಮೂರು. ನನಗೆ ಆಸೆ ಹುಟ್ಟಿತ್ತು, ಸುಳ್ಳು ಯಾಕೆ ಹೇಳಲಿ. ನಾಲ್ಕನೆಯದು ಮೂರು. ಐದನೆಯದನ್ನು ಕಾಕು ಏನೂ ಹೇಳದೆ ನನ್ನ ಕೈಗೆ ಕೊಟ್ಟರು. ಕೊಕ್ಕಿನ ಬುಡದಿಂದ ಹಿಂದಕ್ಕೆ, ದಾರ ಇಟ್ಟಂತೆ, ತೆಳ್ಳಗೆ ಒಂದೇ ಗೆರೆ. ಒಟ್ಟು ಐದು ಮರಿಗೆ ಹಾಗೇ ಇತ್ತು.

17 ಈಗ ಹಿಂದಿನ ಶೆಡ್ಡಿನಲ್ಲಿ ಒಂಟಿ. ಅದರ ಹನ್ನೊಂದು ಹೆಣ್ಣುಮಕ್ಕಳನ್ನು ಒಂದೊಂದಾಗಿ ಹೀಗೇ ನೋಡಬೇಕು. ಅಸೀಲ್ ತತ್ತಿ ಇಡುವುದೇ ಕಡಿಮೆ, ವರ್ಷ ಹಿಡಿಯುತ್ತದೆ. ಅಲ್ಲಿಯವರೆಗೆ ತಳಿಗೆ ಅಂತ ಮರಿ ಮಾರುವುದಿಲ್ಲ ಅಂತ ಹಟ ಹಿಡಿದು ಕೂತಿದ್ದೇನೆ. ಮಾಲಕರು ಮಾತು ಕಡಿಮೆ ಮಾಡಿದ್ದಾರೆ. ಫ್ಲೆಕ್ಸ್ ಇಳಿಸಿಲ್ಲ. ರಿಜಿಸ್ಟರಿನಲ್ಲಿ ಕಾಕು ಸ್ಕೇಲ್ ಇಟ್ಟು ಪೆನ್ಸಿಲ್ಲಿನಲ್ಲಿ ಒಂದು ಕಾಲಂ ಎಳೆದಿದ್ದಾರೆ, ಮೇಲೆ 'ಗೆರಿ' ಅಂತ ಬರೆದಿದ್ದಾರೆ.

ಬ್ಯಾಡಗಿಯ ಅಣ್ಣ ಬದಲಿ ಮರಿ ಬೇಕು, ದುಡ್ಡು ಮಾತ್ರ ಸಾಲದು ಅಂದಿದ್ದಾರೆ. ಪ್ರತಿ ಶನಿವಾರ ಫೋನ್ ಮಾಡುತ್ತಾರೆ. ಹಲೋ ಇಲ್ಲ, ನಮಸ್ಕಾರ ಇಲ್ಲ.

"ಎಷ್ಟ ಗೆರಿ, ಸರ?"