ಹಕ್ಕುಗಳ ನಿಜವಾದ ಪರೀಕ್ಷೆ ತುರ್ತು ಪರಿಸ್ಥಿತಿಯಲ್ಲಿ

ಒಂದು ಸಂವಿಧಾನ ತನ್ನ ಪ್ರಜೆಗಳನ್ನು ಎಷ್ಟರಮಟ್ಟಿಗೆ ಕಾಯುತ್ತದೆ ಎಂದು ತಿಳಿಯಬೇಕಾದರೆ ಅದರ ತುರ್ತು ಪರಿಸ್ಥಿತಿಯ ಅಧ್ಯಾಯವನ್ನೇ ಮೊದಲು ಓದಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಹಕ್ಕುಗಳ ಪಟ್ಟಿ ಹೆಚ್ಚುಕಡಿಮೆ ಎಲ್ಲ ಸಂವಿಧಾನಗಳಲ್ಲೂ ಇರುತ್ತದೆ. ಅದನ್ನು ಸರ್ಕಾರ ಯಾವಾಗ, ಎಷ್ಟು ಕಾಲ, ಯಾರ ಒಪ್ಪಿಗೆ ಪಡೆದು ಬದಿಗಿಡಬಹುದು ಎಂಬಲ್ಲಿ ವ್ಯತ್ಯಾಸ ತಿಳಿಯುತ್ತದೆ.

ಜರ್ಮನಿಯ 1919ರ ವೈಮಾರ್ ಸಂವಿಧಾನದಲ್ಲಿ ಹಕ್ಕುಗಳಿಗೆ ಕೊರತೆಯಿರಲಿಲ್ಲ. ಆದರೆ ಅದರ 48ನೆಯ ವಿಧಿ ಅವುಗಳಲ್ಲಿ ಕೆಲವನ್ನು ಅಮಾನತಿನಲ್ಲಿಡುವ ಅಧಿಕಾರವನ್ನು ಅಧ್ಯಕ್ಷರಿಗೆ ನೀಡಿತ್ತು. 1933ರ ಫೆಬ್ರುವರಿ 27ರ ರಾತ್ರಿ ಸಂಸತ್ ಭವನ ಹೊತ್ತಿ ಉರಿಯಿತು. ಮರುದಿನವೇ ಆ ವಿಧಿಯಡಿ ಹೊರಟ ಆದೇಶ 1945ರವರೆಗೂ ಜಾರಿಯಲ್ಲಿತ್ತು.

ನಮ್ಮಲ್ಲಿ 1975ರ ಜೂನ್ 25ರ ರಾತ್ರಿ ಇಂದಿರಾ ಗಾಂಧಿಯವರ ಸಲಹೆಯ ಮೇರೆಗೆ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ತುರ್ತು ಪರಿಸ್ಥಿತಿಯ ಘೋಷಣೆಗೆ ಅಂಕಿತ ಹಾಕಿದರು. ಸಂಪುಟದ ಒಪ್ಪಿಗೆ ಪಡೆದದ್ದು ಮರುದಿನ ಬೆಳಿಗ್ಗೆ. ಸಂಸದೀಯ ಸಮಿತಿಯ ಕೆಲಸಕ್ಕಾಗಿ ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಇಲ್ಲಿಯೇ ಬಂಧಿತರಾಗಿ ಸೆರೆಮನೆ ಸೇರಿದರು. ಬಂಧನ ಕಾನೂನುಬದ್ಧವೇ ಎಂದು ಪರಿಶೀಲಿಸುವಂತೆ ಕೋರುವ ಬಂಧಿತರ ಹೇಬಿಯಸ್ ಕಾರ್ಪಸ್ ಅರ್ಜಿಗಳನ್ನು ವಿಚಾರಿಸಬಹುದೆಂದು ಕರ್ನಾಟಕವೂ ಸೇರಿದಂತೆ ಹಲವು ಹೈಕೋರ್ಟ್‌ಗಳು ಹೇಳಿದಾಗ ಸರ್ಕಾರ ಸುಪ್ರೀಂ ಕೋರ್ಟ್‌ ಮೆಟ್ಟಿಲೇರಿತು. ಪೊಲೀಸನೊಬ್ಬ ವೈಯಕ್ತಿಕ ದ್ವೇಷದಿಂದ ಒಬ್ಬನನ್ನು ಕೊಂದರೆ ಪರಿಹಾರವೇನೂ ಇಲ್ಲವೇ ಎಂದು ನ್ಯಾಯಮೂರ್ತಿ ಎಚ್.ಆರ್. ಖನ್ನಾ ಕೇಳಿದರು. ತುರ್ತು ಪರಿಸ್ಥಿತಿ ಇರುವವರೆಗೆ ಇಲ್ಲವೆಂದು ಅಟಾರ್ನಿ ಜನರಲ್ ನಿರೇನ್ ಡೇ ಉತ್ತರಿಸಿದರು. ಈ ಉತ್ತರ ಕೇಳಿದ ಮೇಲೂ ಐವರ ಪೀಠದಲ್ಲಿ ನಾಲ್ವರು 1976ರ ಏಪ್ರಿಲ್ 28ರಂದು ಸರ್ಕಾರದ ಪರ ನಿಂತರೆಂಬುದು ಇಂದಿಗೂ ನನ್ನನ್ನು ಕಲಕುತ್ತದೆ. ಭಿನ್ನ ತೀರ್ಪು ಬರೆದವರು ಖನ್ನಾ ಒಬ್ಬರೇ. ಮರುವರ್ಷ ಅವರ ಜ್ಯೇಷ್ಠತೆಯನ್ನು ಕಡೆಗಣಿಸಿ ಎಂ.ಎಚ್. ಬೇಗ್ ಅವರನ್ನು ಮುಖ್ಯ ನ್ಯಾಯಮೂರ್ತಿಯನ್ನಾಗಿ ಮಾಡಲಾಯಿತು. ಖನ್ನಾ ರಾಜೀನಾಮೆ ಕೊಟ್ಟರು.

1978ರ 44ನೆಯ ತಿದ್ದುಪಡಿ ಸಂಪುಟದ ಲಿಖಿತ ಸಲಹೆಯನ್ನು ಕಡ್ಡಾಯಗೊಳಿಸಿತು. ‘ಆಂತರಿಕ ಕ್ಷೋಭೆ’ಯ ನೆಪವನ್ನು ತೆಗೆದು ‘ಸಶಸ್ತ್ರ ದಂಗೆ’ ಎಂದು ಬಿಗಿಗೊಳಿಸಿತು. ಅಪರಾಧ ಮತ್ತು ಶಿಕ್ಷೆಯ ವಿಷಯದಲ್ಲಿ ರಕ್ಷಣೆ ನೀಡುವ 20ನೆಯ ವಿಧಿ ಹಾಗೂ ಜೀವ ಮತ್ತು ಸ್ವಾತಂತ್ರ್ಯವನ್ನು ಕಾಯುವ 21ನೆಯ ವಿಧಿಯ ಹಕ್ಕುಗಳಿಗೆ ನ್ಯಾಯಾಲಯದ ಬಾಗಿಲು ಯಾವ ಸಂದರ್ಭದಲ್ಲೂ ಮುಚ್ಚದಂತೆ ಮಾಡಿತು. 1976ರ ಆ ತೀರ್ಪನ್ನು ಸುಪ್ರೀಂ ಕೋರ್ಟ್ ಅಧಿಕೃತವಾಗಿ ತಳ್ಳಿಹಾಕಿದ್ದು ಮಾತ್ರ 2017ರಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ್ದ ಖಾಸಗಿತನದ ಹಕ್ಕಿನ ಪ್ರಕರಣದಲ್ಲಿ.

ಈ ವಿಷಯದಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾಗಿರುವುದು ದಕ್ಷಿಣ ಆಫ್ರಿಕದ 1996ರ ಸಂವಿಧಾನದ 37ನೆಯ ಸೆಕ್ಷನ್. ವಿಚಾರಣೆಯಿಲ್ಲದ ಸೆರೆವಾಸವನ್ನು ವರ್ಣಭೇದ ಆಡಳಿತದಲ್ಲಿ ಸ್ವತಃ ಅನುಭವಿಸಿದವರ ಎಚ್ಚರ ಅದರ ಪ್ರತಿ ಸಾಲಿನಲ್ಲೂ ಕಾಣುತ್ತದೆ. ಸಂಸತ್ತು ವಿಸ್ತರಿಸದಿದ್ದರೆ ಘೋಷಣೆ 21 ದಿನಗಳಲ್ಲಿ ಮುಗಿಯುತ್ತದೆ. ಅದು ಸಿಂಧುವೇ ಎಂಬುದನ್ನು ಯಾವುದೇ ಸಮರ್ಥ ನ್ಯಾಯಾಲಯ ನಿರ್ಣಯಿಸಬಹುದು. ವಿಚಾರಣೆಯಿಲ್ಲದೆ ಬಂಧಿಸಿದರೆ ಮನೆಯವರಿಗೋ ಸ್ನೇಹಿತರಿಗೋ ಆದಷ್ಟು ಬೇಗ ತಿಳಿಸಬೇಕು, ಐದು ದಿನಗಳೊಳಗೆ ಬಂಧಿತನ ಹೆಸರನ್ನೂ ಬಂಧನದ ಸ್ಥಳವನ್ನೂ ಗೆಜೆಟ್‌ನಲ್ಲಿ ಪ್ರಕಟಿಸಬೇಕು, ಹತ್ತು ದಿನಗಳೊಳಗೆ ನ್ಯಾಯಾಲಯ ಬಂಧನವನ್ನು ಪರಿಶೀಲಿಸಬೇಕು.

ನಮ್ಮ ಸಂವಿಧಾನವಾದರೋ, ಯಾವ ತುರ್ತು ಪರಿಸ್ಥಿತಿಯೂ ಇಲ್ಲದ ಸಾಮಾನ್ಯ ದಿನಗಳಲ್ಲೇ, ಬಂಧನಕ್ಕೆ ಸಾಕಷ್ಟು ಕಾರಣವಿದೆಯೇ ಎಂದು ನೋಡುವ ಸಲಹಾ ಮಂಡಳಿಯ ಅಭಿಪ್ರಾಯ ಪಡೆಯದೆ ಮೂರು ತಿಂಗಳವರೆಗೆ ಮುಂಜಾಗ್ರತಾ ಬಂಧನಕ್ಕೆ, ಅಂದರೆ ಮುಂದೆ ತಪ್ಪು ಮಾಡಬಹುದೆಂಬ ಶಂಕೆಯಿಂದಲೇ ವಿಚಾರಣೆಯಿಲ್ಲದೆ ಬಂಧಿಸಿಡುವುದಕ್ಕೆ, 22ನೆಯ ವಿಧಿಯಲ್ಲಿ ಅವಕಾಶ ಕೊಡುತ್ತದೆ. ಈ ಅವಧಿಯನ್ನು ಎರಡು ತಿಂಗಳಿಗೆ ಇಳಿಸುವ ಸೆಕ್ಷನ್ ಅದೇ 44ನೆಯ ತಿದ್ದುಪಡಿಯಲ್ಲಿದೆ. ಅದನ್ನು ಜಾರಿಗೊಳಿಸಲು ಬೇಕಿರುವುದು ಕೇಂದ್ರ ಸರ್ಕಾರದ ಒಂದು ಅಧಿಸೂಚನೆ; 1978ರ ನಂತರ ಬಂದ ಯಾವ ಪಕ್ಷದ ಸರ್ಕಾರವೂ ಅದನ್ನು ಹೊರಡಿಸಿಲ್ಲ.