ಬಸ್ಸಾರಿನ ಕ್ರಮ: ಸ್ಲೀವ್ ಆಪರೇಷನ್ ನಂತರದ ಅಡುಗೆಮನೆ ದಾಖಲೆ

ತೂಕ ಇಳಿಸುವ ಸ್ಲೀವ್ ಆಪರೇಷನ್ ಆದವರಿಗೆ ಸಿಗುವ ಪಥ್ಯದ ಚೀಟಿಯಲ್ಲಿ ಸೂಪು, ಓಟ್ಸು, ಪ್ಯೂರಿ ಎಂದಿರುತ್ತದೆ. ಮನೆಯಲ್ಲಿ ಬೇಯುವುದು ರಾಗಿ, ತೊಗರಿಬೇಳೆ, ಸೊಪ್ಪು, ಕಾಳು. ಮನೆಮಂದಿಗೊಂದು ಅಡುಗೆ, ಒಬ್ಬರಿಗೆ ಇನ್ನೊಂದು ಅಡುಗೆ ಎಂದು ಹೊರಟರೆ ಹದಿನೈದು ದಿನವೂ ನಡೆಯುವುದಿಲ್ಲ. ಹಳೇ ಮೈಸೂರು ಕಡೆಯ ದಿನದ ಊಟವನ್ನೇ ವಾರದಿಂದ ವಾರಕ್ಕೆ ಹೊಂದಿಸುತ್ತ ಬಂದ ಲೆಕ್ಕ ಇದು. ವಾರಗಳ ಗಡುವು ಡಾಕ್ಟರಿಂದ ಡಾಕ್ಟರಿಗೆ ಬದಲಾಗುತ್ತದೆ. ಎಲ್ಲಿ ಭಿನ್ನವಿದೆಯೋ ಅಲ್ಲಿ ಅವರ ಮಾತೇ ಕೊನೆ.

ಮೊದಲು ಪಾತ್ರೆಯ ಅಳತೆ. ಸ್ಲೀವ್‌ನಲ್ಲಿ ಜಠರವನ್ನು ಉದ್ದಕ್ಕೆ ಕತ್ತರಿಸಿ ಮುಕ್ಕಾಲು ಭಾಗಕ್ಕೂ ಹೆಚ್ಚು ತೆಗೆದುಬಿಡುತ್ತಾರೆ. ಉಳಿಯುವುದು ಬಾಳೆಹಣ್ಣಿನ ಆಕಾರದ ಕೊಳವೆ. ಅದು ಹಿಡಿಯುವುದು 100ರಿಂದ 150 ಮಿ.ಲೀ., ದರ್ಶಿನಿಯ ಒಂದು ಕಾಫಿ ಲೋಟದಷ್ಟು. ಬೈಪಾಸ್ (ಜಠರವನ್ನು ಪುಟ್ಟ ಚೀಲವಾಗಿಸಿ ನೇರ ಸಣ್ಣ ಕರುಳಿಗೆ ಜೋಡಿಸುವ ಇನ್ನೊಂದು ಬಗೆಯ ತೂಕದ ಆಪರೇಷನ್) ಆದವರಿಗೆ ಉಳಿಯುವ ಚೀಲ ಇನ್ನೂ ಚಿಕ್ಕದು, ಸುಮಾರು 30 ಮಿ.ಲೀ., ಅಂದರೆ ಎರಡು ದೊಡ್ಡ ಚಮಚ. ಇಷ್ಟು ಜಾಗದಲ್ಲಿ ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್, ಒಂದೂವರೆಯಿಂದ ಎರಡು ಲೀಟರ್ ದ್ರವ ಒಳಗೆ ಹೋಗಬೇಕು. ಕೆಳಗಿನದೆಲ್ಲ ಈ ಒಂದು ಲೆಕ್ಕ ಕೂಡಿಸುವ ಪ್ರಯತ್ನ. ಕಾಳು, ಹಿಟ್ಟುಗಳ ಅಂಕಿಗಳಿಗೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಕೋಷ್ಟಕವೇ ಆಧಾರ. ಅವನ್ನು ಮನೆಯ ತಕ್ಕಡಿಗೆ ತಕ್ಕಂತೆ ದುಂಡಗೆ ಮಾಡಲಾಗಿದೆ.

ಮೊದಲ ದಿನಗಳು: ತಿಳಿ

ಸೋಸಿದ ತಿಳಿ ಮಜ್ಜಿಗೆ, ಎಳನೀರು, ಬಾರ್ಲಿ ನೀರು, ಬೇಳೆ ಕಟ್ಟು. ಒಂದು ಸಲಕ್ಕೆ 30 ಮಿ.ಲೀ., ಹದಿನೈದು ನಿಮಿಷಕ್ಕೊಮ್ಮೆ. ಗಂಟೆಗೆ 120 ಆಯಿತು, ಎಚ್ಚರವಿರುವ 12 ಗಂಟೆಗೆ 1,440. ಗಟಗಟ ಕುಡಿದು ಈ ಅಂಕಿ ಮುಟ್ಟಲು ಆಗುವುದಿಲ್ಲ. ಗಡಿಯಾರ ನೋಡಿಕೊಂಡು ಗುಟುಕರಿಸಿದರೆ ಮಾತ್ರ ಆಗುತ್ತದೆ. ಅಳತೆಗೆ ಕೆಮ್ಮಿನ ಸಿರಪ್ಪಿನ ಮುಚ್ಚಳ ಸಾಕು. ಮನೆಯಲ್ಲಿ ಮಗುವಿಗೆ ಹಾಲು ಕುಡಿಸುತ್ತಿದ್ದ ಒಳಲೆ ಇದ್ದರೆ ಅದಕ್ಕೆ ಎಷ್ಟು ಹಿಡಿಯುತ್ತದೆ ಎಂದು ಒಮ್ಮೆ ಅಳೆದು ಅದನ್ನೇ ಬಳಸಬಹುದು. ಒಳಲೆಯ ಮೂತಿಯಿಂದ ಸಣ್ಣ ಗುಟುಕೇ ಬರುತ್ತದೆ, ಅದೊಂದು ಅನುಕೂಲ. ಸ್ಟ್ರಾ ಬೇಡ. ಗಾಳಿಯೂ ಒಳಗೆ ಹೋಗಿ ಎದೆ ಒತ್ತುತ್ತದೆ.

ತಪ್ಪುವುದು ಎಲ್ಲಿ: ಬೇಳೆ ಕಟ್ಟಿನಲ್ಲಿ ಶಕ್ತಿಯೆಲ್ಲ ಇದೆ ಎಂಬ ನಂಬಿಕೆಯಲ್ಲಿ. 50 ಗ್ರಾಂ ತೊಗರಿಬೇಳೆಯಲ್ಲಿ 11 ಗ್ರಾಂ ಪ್ರೋಟೀನ್ ಇರುವುದು ನಿಜ, ಆದರೆ ಅದರ ಬಹುಪಾಲು ತಳದಲ್ಲಿ ಕೂತ ಬೇಳೆಯಲ್ಲೇ ಉಳಿಯುತ್ತದೆ. ಮೇಲಿನ ತಿಳಿ ನೀರು ನೀರಿನ ಲೆಕ್ಕಕ್ಕೆ, ಉಪ್ಪಿನ ಲೆಕ್ಕಕ್ಕೆ ಸರಿ. ಪ್ರೋಟೀನಿನ ಲೆಕ್ಕಕ್ಕೆ ಬರೆದುಕೊಳ್ಳಬೇಡಿ.

ಎರಡನೇ ವಾರದ ಕೊನೆಯವರೆಗೆ: ಹಾಲು, ಅಂಬಲಿ, ರಾಗಿ ಸರಿ

ಕೆನೆ ತೆಗೆದ ಹಾಲು 600 ಮಿ.ಲೀ.: ಪ್ರೋಟೀನ್ 20 ಗ್ರಾಂ. ಅದಕ್ಕೆ ಕದಡಿದ ಕೆನೆರಹಿತ ಹಾಲಿನ ಪುಡಿ 40 ಗ್ರಾಂ: 14. ವೇ (ಹಾಲೊಡೆದ ನೀರಿನಿಂದ ತೆಗೆದ) ಪ್ರೋಟೀನ್ ಪುಡಿ ಒಂದು ಸ್ಕೂಪ್: 24. ಒಟ್ಟು 58. ಪುಡಿ ಇಲ್ಲದೆ ಈ ಹಂತದಲ್ಲಿ ಅರವತ್ತರ ಹತ್ತಿರ ಬರುವ ದಾರಿ ಕಾಣಲಿಲ್ಲ. ಹಾಲು ಕುಡಿದರೆ ಹೊಟ್ಟೆ ಗುಡುಗುಡು ಎಂದು ಭೇದಿಯಾದರೆ ಮಜ್ಜಿಗೆಗೆ, ಲ್ಯಾಕ್ಟೋಸ್ (ಹಾಲಿನ ಸಕ್ಕರೆ) ಇಲ್ಲದ ಪುಡಿಗೆ ಬದಲಿಸಿ. ಆಪರೇಷನ್ ನಂತರ ಹಾಲು ಒಗ್ಗದಿರುವುದು ಹಲವರಲ್ಲಿ ಕಾಣುತ್ತದೆ.

ವೇ ಪುಡಿಯನ್ನು ಕುದಿಯುವ ಹಾಲಿಗೆ ಹಾಕಿದರೆ ಮೊಟ್ಟೆ ಬೆಂದಂತೆ ಗಂಟು ಕಟ್ಟುತ್ತದೆ. ಗಂಟು ಸೋಸಿ ತೆಗೆದರೆ ಪ್ರೋಟೀನೇ ಸೋಸಿಹೋಯಿತು. ಮೊದಲು 60 ಮಿ.ಲೀ. ತಣ್ಣನೆ ಹಾಲಿನಲ್ಲಿ ಕಡಗೋಲಿನಿಂದ ಕಡೆದು, ಆಮೇಲೆ ಬೆರಳು ತಾಳುವಷ್ಟು ಬಿಸಿಯ ಹಾಲಿಗೆ ಸೇರಿಸಬೇಕು.

ರಾಗಿಯ ವಿಷಯ ಸ್ವಲ್ಪ ವಿವರವಾಗಿ, ಏಕೆಂದರೆ ಎಲ್ಲರೂ ಮೊದಲು ಕೇಳುವುದು ಅದನ್ನೇ. ಸಾದಾ ರಾಗಿ ಹಿಟ್ಟು 20 ಗ್ರಾಂ, ದ್ರವ 200 ಮಿ.ಲೀ. ಹಾಕಿ ಕಾಯಿಸಿದರೆ ಒಲೆಯ ಮೇಲೆ ತೆಳ್ಳಗೆ ಕಾಣುತ್ತದೆ, ಆರುತ್ತ ಬಂದಂತೆ ಅಂಟಿನ ಹಾಗೆ ಗಟ್ಟಿಯಾಗಿ ಕೊಳವೆಯಲ್ಲಿ ಇಳಿಯುವುದಿಲ್ಲ. ಅಷ್ಟೇ ಅಳತೆಯಲ್ಲಿ ಮೊಳಕೆ ಕಟ್ಟಿ ಒಣಗಿಸಿದ ರಾಗಿಯ ಹಿಟ್ಟು ಹಾಕಿದರೆ ತೆಳ್ಳಗೇ ಉಳಿಯುತ್ತದೆ: ಮೊಳಕೆಯೊಡೆಯುವಾಗ ಹುಟ್ಟುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಕತ್ತರಿಸಿಹಾಕುತ್ತದೆ. ಕೂಸುಗಳಿಗೆ ಮೊಳಕೆ ರಾಗಿಯಿಂದಲೇ ಸರಿ ಮಾಡುತ್ತ ಬಂದ ಅಜ್ಜಿಯರ ಕೈಗೆ ಈ ಗುಟ್ಟು ಗೊತ್ತಿತ್ತು. ಹಿಟ್ಟನ್ನು ಜರಡಿಯಲ್ಲಲ್ಲ, ತೆಳು ಮಲ್ ಬಟ್ಟೆಯಲ್ಲೇ ಸೋಸಬೇಕು. ಬಟ್ಟೆಯ ಮೇಲೆ ಉಳಿಯುವ ಕೆಂಪು ತೌಡು ಈಗ ಬೇಡ. ಪಿಷ್ಟ ಒಡೆದಷ್ಟೂ ಸಕ್ಕರೆ ಅಂಶ ಹೆಚ್ಚುವುದರಿಂದ ಬೈಪಾಸ್ ಆದವರು 100 ಮಿ.ಲೀ. ದಾಟಿಸಬಾರದು, ಬೆಲ್ಲವನ್ನಂತೂ ಹಾಕಬಾರದು.

ಇನ್ನೊಂದು ಮಾತು: 20 ಗ್ರಾಂ ರಾಗಿಯಲ್ಲಿ ಪ್ರೋಟೀನ್ ಒಂದೂವರೆ ಗ್ರಾಂಗಿಂತ ಕಡಿಮೆ. ಅಂಬಲಿ ಕುಡಿದು ಹೊಟ್ಟೆ ತುಂಬಿಸಿಕೊಂಡರೆ ಹಾಲಿಗೆ ಜಾಗ ಉಳಿಯುವುದಿಲ್ಲ. ದಿನಕ್ಕೊಮ್ಮೆ ಸಾಕು.

3–4ನೇ ವಾರ: ಹಿಸುಕಿದ್ದು

ಒಂದು ಊಟಕ್ಕೆ 4ರಿಂದ 6 ದೊಡ್ಡ ಚಮಚ. 20ರಿಂದ 30 ನಿಮಿಷ ಹಿಡಿಯಬೇಕು. ಅಳತೆಗೆ ದೊಡ್ಡ ಚಮಚವಾದರೂ ತಿನ್ನುವ ಚಮಚ ಕಾಫಿಪುಡಿ ಹಾಕುವಷ್ಟು ಚಿಕ್ಕದಿರಲಿ.

ಉಳಿದುಕೊಂಡವು: ಹೆಸರುಬೇಳೆ ತೊವ್ವೆ (30 ಗ್ರಾಂ ಬೇಳೆಗೆ 7 ಗ್ರಾಂ ಪ್ರೋಟೀನ್, ಪೂರ್ತಿ ತಿನ್ನಲು ಎರಡು ಊಟ ಬೇಕು), ಮೆತ್ತಗೆ ಕಲಕಿದ ಮೊಟ್ಟೆ, ಕಟ್ಟಿಟ್ಟ ಮೊಸರು. ಮೊಸರಿನದು ಒಳ್ಳೆಯ ಲಾಭ. ಅರ್ಧ ಕೆ.ಜಿ. ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ಫ್ರಿಜ್ಜಿನಲ್ಲಿ ನಾಲ್ಕು ಗಂಟೆ ಇಳಿಬಿಟ್ಟರೆ 200 ಗ್ರಾಂ ಆಸುಪಾಸು ಉಳಿಯುತ್ತದೆ, 100 ಗ್ರಾಂಗೆ 3ರಷ್ಟಿದ್ದ ಪ್ರೋಟೀನ್ 6ಕ್ಕೇರುತ್ತದೆ. ಅಷ್ಟೇ ಜಾಗಕ್ಕೆ ಇಮ್ಮಡಿ ಸಿಕ್ಕಿತು.

ಕೈಕೊಟ್ಟದ್ದು ಒಗ್ಗರಣೆ. ಅದಿಲ್ಲದ ತೊವ್ವೆಯನ್ನು ಮೂರನೇ ದಿನಕ್ಕೆ ಯಾರೂ ಮುಟ್ಟುವುದಿಲ್ಲ, ಹಾಕಿದರೆ ಕರಿಬೇವಿನ ನಾರು, ಒಣಮೆಣಸಿನ ಸಿಪ್ಪೆ ಗಂಟಲ ಕೆಳಗೆ ಅಂಟುತ್ತವೆ. ಬದಲಿಸಿದ ಕ್ರಮ: ಅರ್ಧ ಚಮಚ ತುಪ್ಪ, ಚಿಟಿಕೆ ಇಂಗು, ಜೀರಿಗೆ, ನಾಲ್ಕು ಎಲೆ ಕರಿಬೇವು. ಎಲೆ ಚಟಪಟ ಅಂದ ಮೇಲೆ ಟೀ ಸೋಸುವ ಜಾಲರಿ ಹಿಡಿದು ತೊವ್ವೆಯ ಮೇಲೆ ಸುರಿಯುವುದು. ಜಾಲರಿಯಲ್ಲಿ ಕಪ್ಪಗೆ ಎಲೆ ಉಳಿಯುತ್ತದೆ, ಘಮ ಕೆಳಗಿಳಿಯುತ್ತದೆ. ಪಥ್ಯ ಮುರಿಯದೆ ನಾಲ್ಕನೇ ವಾರ ಮುಟ್ಟಿಸಿದ್ದು ಈ ಅರ್ಧ ಚಮಚ.

ಸಾಕು ಎಂಬ ಸೂಚನೆ ಹಳೆಯ ಹಾಗೆ ಹೊಟ್ಟೆಯಿಂದ ಬರುವುದಿಲ್ಲ. ಬಿಕ್ಕಳಿಕೆ, ಇದ್ದಕ್ಕಿದ್ದಂತೆ ಮೂಗು ಸೋರುವುದು, ಎದೆಗೂಡಿನ ನಡುವೆ ಒತ್ತಡ: ಇವುಗಳಲ್ಲಿ ಒಂದು ಕಂಡರೂ ಚಮಚ ಕೆಳಗಿಡಬೇಕು. ಮುಂದಿನ ಒಂದೇ ತುತ್ತು ನೊರೆನೊರೆ ಜೊಲ್ಲಾಗಿ ವಾಪಸ್ ಬರುತ್ತದೆ.

5–8ನೇ ವಾರ: ಮೆತ್ತನೆ ಊಟ, ಬಸ್ಸಾರು

ನಿಜವಾದ ಕಷ್ಟ ಶುರುವಾಗುವುದು ಇಲ್ಲಿ. ನಮ್ಮ ಊಟದ ಕ್ರಮವೇ ಈ ಕೊಳವೆಗೆ ಎದುರು: ಅನ್ನಕ್ಕೆ ಸಾರು ಕಲಸಿ, ಜೊತೆಗೆ ನೀರು ಕುಡಿದು, ಕೊನೆಗೆ ಮಜ್ಜಿಗೆ. ಗಟ್ಟಿಯೂ ನೀರೂ ಒಟ್ಟಿಗೆ ಹೋದರೆ ಎರಡರಲ್ಲೊಂದು ಆಗುತ್ತದೆ. ಜಾಗ ಸಾಲದೆ ವಾಂತಿ, ಇಲ್ಲವೇ ಗಟ್ಟಿಯೆಲ್ಲ ನೀರಿನ ಜೊತೆ ಬೇಗ ಜಾರಿಹೋಗಿ ಗಂಟೆಯೊಳಗೆ ಮತ್ತೆ ಹಸಿವು. ಊಟ ಮುಗಿದು ಅರ್ಧ ಗಂಟೆ ಏನೂ ಕುಡಿಯಬಾರದು ಎಂಬ ನಿಯಮ ಇದಕ್ಕೇ. ಸಾರು ಬಿಡಿ ಎಂದು ಹೇಳುವುದು ಸುಲಭ, ಬಿಡುವುದು ಸುಲಭವಲ್ಲ.

ಉತ್ತರ ಬಸ್ಸಾರಿನಲ್ಲೇ ಇತ್ತು. ಕಾಳು-ಸೊಪ್ಪು ಬೇಯಿಸಿ, ನೀರು ಬಸಿದು, ಗಟ್ಟಿಯದನ್ನು ಪಲ್ಯ ಮಾಡಿ, ಬಸಿದ ನೀರಿಗೆ ಮಸಾಲೆ ಹಾಕಿ ಸಾರು ಕುದಿಸುವ ಅಡುಗೆ ಅದು. ಗಟ್ಟಿ ಬೇರೆ, ನೀರು ಬೇರೆ. ತಟ್ಟೆಯಲ್ಲಿ ಮತ್ತೆ ಕೂಡಿಸದಿದ್ದರಾಯಿತು: ಪಲ್ಯ ಈಗ, ಸಾರು ಅರ್ಧ ಗಂಟೆ ಬಿಟ್ಟು ಬಟ್ಟಲಲ್ಲಿ, ಗುಟುಕು ಗುಟುಕಾಗಿ. ಉಪ್ಸಾರಿಗೂ ಇದೇ ಕ್ರಮ.

ಮೊದಲ ಅಳತೆ ತಪ್ಪಿತ್ತು. ಮಾಮೂಲಿ ಹಾಗೆ ಸೊಪ್ಪು ಹೆಚ್ಚು, ಕಾಳು ಕಡಿಮೆ: 40 ಗ್ರಾಂ ಹೆಸರುಕಾಳು, ಬೆಂದ ಮೇಲೆ 80 ಗ್ರಾಂ ಆಗುವಷ್ಟು ದಂಟಿನ ಸೊಪ್ಪು. ಬೆಂದಾಗ ಒಟ್ಟು 180 ಗ್ರಾಂ, ಅದರಲ್ಲಿ ಒಂದು ಊಟದ ಪಾಲು 60. ಕಾಳಿನಿಂದ ಸಿಕ್ಕ ಪ್ರೋಟೀನ್ ಮೂರು ಗ್ರಾಂ ಮಾತ್ರ. ಮೇಲಾಗಿ ದಂಟಿನ ನಾರು ಉಂಡೆಕಟ್ಟಿ ತಡೆಯುತ್ತದೆ. ಎರಡನೇ ಅಳತೆ: ಮೊಳಕೆ ಕಟ್ಟಿದ ಹೆಸರುಕಾಳು (ಒಣಗಿದ್ದಾಗ 60 ಗ್ರಾಂ), ಎಳೆ ಹರಿವೆ ಸೊಪ್ಪಿನ ಎಲೆ ಮಾತ್ರ, ಬೆಂದ ಮೇಲೆ 50 ಗ್ರಾಂ ಆಗುವಷ್ಟು. ಕುಕ್ಕರಿನಲ್ಲಿ ನಾಲ್ಕು ಸೀಟಿ, ಬಸಿದು, ಸೌಟಿನ ಬೆನ್ನಿನಿಂದ ಹಿಸುಕುವುದು. 60 ಗ್ರಾಂಗೆ ನಾಲ್ಕು ಗ್ರಾಂ ಚಿಲ್ಲರೆ. ಅದರ ಮೇಲೆ 30 ಗ್ರಾಂ ಮೆತ್ತನೆ ಪನೀರ್ ಪುಡಿಮಾಡಿ ಉದುರಿಸಿದರೆ ಇನ್ನು ಐದು. ಒಂದು ಊಟಕ್ಕೆ ಒಂಬತ್ತು, ಹತ್ತು ಆಯಿತು. ಸಾರಿನ ಮಸಾಲೆಗೆ ಒಂದೇ ಬ್ಯಾಡಗಿ, ಖಾರದ ಜಾಗದಲ್ಲಿ ಜೀರಿಗೆ, ಬೆಳ್ಳುಳ್ಳಿ. ಹುರುಳಿಕಾಳಿನ ಸಿಪ್ಪೆ ಗಡುಸು, ಮೂರು ತಿಂಗಳು ಕಾಯಲಿ.

ಅನ್ನ ಮೆತ್ತಗಿದೆಯಲ್ಲ ಎಂದು ಮೊದಲು ಬಡಿಸುತ್ತಾರೆ. ಬೇಡ. ಅಗಿಯದೆ ನುಂಗಿದ ಅನ್ನ ಒಂದಕ್ಕೊಂದು ಅಂಟಿ ಗಂಟಾಗುತ್ತದೆ. ಪಲ್ಯ, ಮೊಟ್ಟೆ, ಮೀನು ಮುಗಿದ ಮೇಲೆ ಜಾಗ ಉಳಿದರೆ ಎರಡು ಚಮಚ. ಕೋಳಿಯ ಎದೆ ತುಂಡು ಒಣಗಿದಷ್ಟೂ ಸಿಕ್ಕಿಕೊಳ್ಳುತ್ತದೆ, ಕೈಮಾ ಮಾಡಿ ಮಜ್ಜಿಗೆ ಚಿಮುಕಿಸಿ ಬೇಯಿಸಿದರೆ ಇಳಿಯುತ್ತದೆ. ಅವಲಕ್ಕಿಯನ್ನು ಹೊರಗೇ ಪೂರ್ತಿ ನೆನೆಸಿ, ಒಳಗೆ ಹೋಗಿ ಉಬ್ಬಲು ಬಿಡಬೇಡಿ. ಬ್ರೆಡ್ಡು, ಬನ್ನು ಸದ್ಯಕ್ಕೆ ಬೇಡವೇ ಬೇಡ.

ಮಾತ್ರೆಗಳ ಗಡಿಯಾರ

ಕಬ್ಬಿಣದ ಮಾತ್ರೆಯೂ ಕ್ಯಾಲ್ಸಿಯಂ ಮಾತ್ರೆಯೂ ಒಟ್ಟಿಗೆ ಹೋದರೆ ಕಬ್ಬಿಣ ಸರಿಯಾಗಿ ದೇಹಕ್ಕೆ ಹತ್ತುವುದಿಲ್ಲ. ನಡುವೆ ಎರಡು ಗಂಟೆ ಬೇಕು. ಕಾಫಿ, ಟೀ ಕೂಡ ಕಬ್ಬಿಣವನ್ನು ತಡೆಯುತ್ತವೆ. ನಿಂತ ಕ್ರಮ: ಬೆಳಗ್ಗೆ 6ಕ್ಕೆ ನಿಂಬೆನೀರಿನಲ್ಲಿ ಕಬ್ಬಿಣ, ಕಾಫಿ 8ರ ಮೇಲೆ, ಕ್ಯಾಲ್ಸಿಯಂ 10, 3, 8 ಗಂಟೆಗೆ. ಕ್ಯಾಲ್ಸಿಯಂ ದಿನಕ್ಕೆ ಒಟ್ಟು 1,200ರಿಂದ 1,500 ಮಿ.ಗ್ರಾಂ., ಒಂದು ಸಲಕ್ಕೆ 500ರಂತೆ, ಸಿಟ್ರೇಟ್ ರೂಪದ್ದು. ಕಾರ್ಬೊನೇಟ್ ಕರಗಲು ಆಮ್ಲ ಬೇಕು, ಆಮ್ಲ ಈಗ ಕಡಿಮೆ. ರಾಗಿ ತಿಂದರೆ ಕ್ಯಾಲ್ಸಿಯಂ ಮಾತ್ರೆ ಬೇಡ ಎನ್ನುವವರಿಗೆ: 100 ಗ್ರಾಂ ರಾಗಿಯಲ್ಲಿ ಸುಮಾರು 360 ಮಿ.ಗ್ರಾಂ. ಇದೆ, ಆದರೆ ದಿನಕ್ಕೆ ಒಳಗೆ ಹೋಗುವುದು 20 ಗ್ರಾಂ ರಾಗಿ. ಬಿ12, ಡಿ ವಿಟಮಿನ್, ಮಲ್ಟಿವಿಟಮಿನ್ ಜೀವಮಾನವಿಡೀ. ತಲೆಕೂದಲು ಮೂರನೇ ತಿಂಗಳಿನಿಂದ ಉದುರುವುದು ಸಾಮಾನ್ಯ, ಹೆಚ್ಚಿನವರಿಗೆ ಮತ್ತೆ ಬರುತ್ತದೆ. ಸಕ್ಕರೆ ಕಾಯಿಲೆ, ಬಿಪಿ ಮಾತ್ರೆಗಳ ಪ್ರಮಾಣವನ್ನು ಮೊದಲ ವಾರದಿಂದಲೇ ಡಾಕ್ಟರ್ ಮತ್ತೆ ನೋಡಬೇಕು. ಹಳೆಯ ಪ್ರಮಾಣವೇ ಮುಂದುವರಿದರೆ ಸಕ್ಕರೆ ಕುಸಿದು ತಲೆ ಸುತ್ತುತ್ತದೆ. ನೋವಿಗೆ ಡೈಕ್ಲೊಫೆನಾಕ್, ಐಬುಪ್ರೊಫೆನ್ ಅಂಗಡಿಯಿಂದ ತಾವೇ ತರಬಾರದು, ಬೈಪಾಸ್ ಆದವರಿಗೆ ಹುಣ್ಣಾಗುವ ಅಪಾಯ ದೊಡ್ಡದು.

ಇದು ಅಡುಗೆಮನೆಯಲ್ಲಿ ಸರಿಪಡಿಸುವಂಥದ್ದಲ್ಲ, ಅದೇ ದಿನ ಆಸ್ಪತ್ರೆಗೆ ಹೋಗಬೇಕಾದದ್ದು: ಮೊದಲ ವಾರಗಳಲ್ಲಿ ಜ್ವರ, ಕುಳಿತಲ್ಲೇ ನಾಡಿ 120 ದಾಟುವುದು, ಹೊಟ್ಟೆ ಅಥವಾ ಎಡಭುಜದ ನೋವು ಏರುತ್ತಲೇ ಹೋಗುವುದು. ಹಾಗೆಯೇ ನೀರೂ ನಿಲ್ಲದಷ್ಟು ವಾಂತಿ. ವಾಂತಿ ದಿನಗಟ್ಟಲೆ ನಡೆದರೆ ಬಿ1 ವಿಟಮಿನ್ ಬರಿದಾಗುತ್ತದೆ. ಒಂದು ಎರಡಾಗಿ ಕಾಣುವುದು, ನಡಿಗೆ ತೂರಾಡುವುದು ಅದರ ಗುರುತು, ತಡಮಾಡಿದರೆ ಮೆದುಳಿಗೆ ಉಳಿದುಹೋಗುವ ಪೆಟ್ಟು. ಅಲ್ಲಿ ಗ್ಲೂಕೋಸ್ ಡ್ರಿಪ್ ಹಾಕುವ ಮೊದಲು ಬಿ1 ಕೊಡಬೇಕು. ಆಪರೇಷನ್ ಆಗಿರುವ ವಿಷಯವನ್ನು ಬಾಗಿಲಲ್ಲೇ ಹೇಳಿ.

ಮೂರನೇ ತಿಂಗಳು: ಮದುವೆ ಮನೆ, ಮುದ್ದೆ

ಎಲೆಯಲ್ಲಿ ಪಾಯಸ ಮೊದಲೇ ಬೀಳುತ್ತದೆ. ಖಾಲಿ ಕೊಳವೆಗೆ ಸಿಹಿ ಬಿದ್ದರೆ, ಅದರಲ್ಲೂ ಬೈಪಾಸ್‌ನಲ್ಲಿ, 10ರಿಂದ 30 ನಿಮಿಷದೊಳಗೆ ಎದೆ ಹೊಡೆದುಕೊಳ್ಳುವುದು, ಬೆವರು, ಹೊಟ್ಟೆ ಮುರಿತ, ಭೇದಿ. ಡಂಪಿಂಗ್ ಎನ್ನುವುದು ಇದಕ್ಕೆ. ಇನ್ನೊಂದು ಬಗೆಯದು ಒಂದರಿಂದ ಮೂರು ಗಂಟೆ ಬಿಟ್ಟು ಬರುತ್ತದೆ: ಇನ್ಸುಲಿನ್ ಉಕ್ಕಿ ಸಕ್ಕರೆ ಕೆಳಗಿಳಿದು ಕೈ ನಡುಗುತ್ತದೆ. ಕೋಸಂಬರಿ, ಕಾಳಿನ ಪಲ್ಯ ಮೊದಲು ಬಾಯಿಗಿಟ್ಟು, ನೀರಿನ ಲೋಟ ಮಗುಚಿಟ್ಟು, ಹೋಳಿಗೆಯಾದರೆ ಕೊನೆಗೆ ಬೆರಳಗಲದ ಚೂರು. ಬಡಿಸುವವರಿಗೆ ಎಲೆಯ ಮೇಲೆ ಕೈ ಅಡ್ಡ ಹಿಡಿದರೆ ಅವರು ಮುಂದೆ ಹೋಗುತ್ತಾರೆ, ವಿವರಣೆ ಬೇಕಿಲ್ಲ.

ಮದುವೆಯೂಟಕ್ಕಿಂತ ಕೆಡುಕು ಸಂಜೆಯ ಖಾರಾ ಮಿಕ್ಸ್ಚರು, ಬಿಸ್ಕತ್ತು. ಬಾಯಲ್ಲೇ ಕರಗಿ ಜಾರುವುದರಿಂದ ಕೊಳವೆ ತುಂಬಿದೆ ಎಂದು ಹೇಳುವುದೇ ಇಲ್ಲ. ಎರಡನೇ ವರ್ಷ ತೂಕ ಮರಳುವ ದೊಡ್ಡ ದಾರಿಗಳಲ್ಲಿ ಇದೊಂದು.

ಮುದ್ದೆ. ಅದು ಅಗಿಯುವಂಥದ್ದಲ್ಲ, ನುಂಗುವಂಥದ್ದು. ಇಲ್ಲಿಯ ಮೊದಲ ನಿಯಮವೋ, ತುತ್ತಿಗೆ 20–30 ಸಲ ಅಗಿಯಬೇಕು. ಈ ತಿಂಗಳು ಹಿಡಿದ ದಾರಿ: ನಿಂಬೆಹಣ್ಣಿನ ಗಾತ್ರದ, 40 ಗ್ರಾಂ ಉಂಡೆ, ಹಿಟ್ಟಿಗೆ ನೀರು ಮಾಮೂಲಿಗಿಂತ ಕಾಲುಪಾಲು ಹೆಚ್ಚು, ತಟ್ಟೆಯಲ್ಲಿ ಚಪ್ಪಟೆ ಒತ್ತಿ ಗಟ್ಟಿ ತೊವ್ವೆಯಲ್ಲಿ ಕಲಸಿ, ಕಡಲೆಕಾಳಿನಷ್ಟು ಚೂರು ಮುರಿದು ತಿನ್ನುವುದು. ಪಲ್ಯ ಮುಗಿದ ಮೇಲೆ ಮಾತ್ರ. ಆರಿದ ಮುದ್ದೆ ಎರಡು ಸಲವೂ ಎದೆ ಹಿಡಿಯಿತು, ಬಿಸಿಯಿದ್ದಾಗ ಇಳಿಯಿತು.

ಮುಂದಿನ ತಿಂಗಳಿಗೆ ಬಾಕಿ: ಹುರುಳಿಕಟ್ಟು ಸಾರು ಬೇರೆ, ಹುರುಳಿಯನ್ನು ರುಬ್ಬಿ ಜರಡಿ ಹಿಡಿದು ಪಲ್ಯ ಬೇರೆ, ಅಕ್ಕಿರೊಟ್ಟಿ ಹಿಟ್ಟಿಗೆ ಮೊಟ್ಟೆ ಸೇರಿಸಿ ತೆಳ್ಳಗೆ ತಟ್ಟಿ ನೋಡುವುದು, ಮೂರನೇ ತಿಂಗಳ ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್, ಫೆರಿಟಿನ್ (ಕಬ್ಬಿಣದ ದಾಸ್ತಾನು), ಬಿ12, ಡಿ ವಿಟಮಿನ್, ಆಲ್ಬುಮಿನ್ (ರಕ್ತದ ಪ್ರೋಟೀನ್) ಬಂದ ಮೇಲೆ ಮೇಲಿನ ಅಳತೆಗಳನ್ನು ತಿದ್ದುವುದು.