ಫುಲ್ ಲೋಡಲ್ಲ, ಖಾಲಿ ಕೂತಾಗ ನೋಡಿ: ಎಸ್‌ಎಂಪಿಎಸ್ ಮತ್ತು ರಿಪಲ್

ವಿಜಯಪುರ, ಬಾಗಲಕೋಟೆ ಕಡೆಯ ಆನ್‌ಲೈನ್ ಸೆಂಟರ್, ಝೆರಾಕ್ಸ್ ಅಂಗಡಿಗಳಲ್ಲಿ ಕಂಪ್ಯೂಟರ್ ಬೆಳಿಗ್ಗೆ ಆನ್ ಆದರೆ ಅಂಗಡಿ ಮುಚ್ಚುವವರೆಗೆ ಆಫ್ ಆಗುವುದಿಲ್ಲ. ಕೆಲಸ ಮಾತ್ರ ಹಗುರ: ಅರ್ಜಿ ತುಂಬುವುದು, ಪಹಣಿ ತೆಗೆಯುವುದು, ಪ್ರಿಂಟ್ ಕೊಡುವುದು. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಇಂಥ ಮಷಿನ್ ಸುಮ್ಮನಿದ್ದಾಗ ಎಳೆಯುವುದು 30–40 ವ್ಯಾಟ್. 450 ವ್ಯಾಟಿನ ಎಸ್‌ಎಂಪಿಎಸ್‌ಗೆ (ಕಂಪ್ಯೂಟರಿಗೆ ಕರೆಂಟ್ ಕೊಡುವ ಪೆಟ್ಟಿಗೆ) ಅದು ಹತ್ತರಲ್ಲಿ ಒಂದು ಪಾಲೂ ಅಲ್ಲ. ಆದರೂ ಕೊಳ್ಳುವಾಗ ಎಲ್ಲರ ಕಣ್ಣು ಡಬ್ಬಿಯ ಮೇಲಿನ ದೊಡ್ಡ ಅಂಕಿಯ ಮೇಲೇ.

80 ಪ್ಲಸ್ ಸ್ಟಿಕ್ಕರ್ ಕೂಡ ಇಲ್ಲಿ ಪೂರ್ತಿ ನೆರವಿಗೆ ಬರುವುದಿಲ್ಲ. ಆ ಪರೀಕ್ಷೆ ನಡೆಯುವುದು ಶೇ. 20, 50, 100 ಲೋಡಿನಲ್ಲಿ. ಟೈಟೇನಿಯಂನಂಥ ಮೇಲಿನ ದರ್ಜೆಗೆ ಮಾತ್ರ ಶೇ. 10 ಕೂಡ ಇದೆ. ಅದು ಅಳೆಯುವುದು ಕರೆಂಟ್ ಎಷ್ಟು ಪೋಲಾಗುತ್ತದೆ ಎಂಬುದನ್ನು. ರಿಪಲ್, ಅಂದರೆ ಡಿಸಿ ಔಟ್‌ಪುಟ್ಟಿನಲ್ಲಿ ಉಳಿಯುವ ಸಣ್ಣ ಏರಿಳಿತದ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಕಂಪ್ಯೂಟರ್ ಪವರ್ ಸಪ್ಲೈಗಳಿಗಿರುವ ಎಟಿಎಕ್ಸ್ ನಿಯಮದ ಪ್ರಕಾರ 12 ವೋಲ್ಟ್ ಲೈನಿನ ರಿಪಲ್ ತುದಿಯಿಂದ ತುದಿಗೆ 120 ಮಿಲಿವೋಲ್ಟ್ ದಾಟಬಾರದು. 5 ಮತ್ತು 3.3 ವೋಲ್ಟಿಗೆ ಮಿತಿ 50. ಲೋಡ್ ಕಡಿಮೆಯಾದರೆ ರಿಪಲ್ಲೂ ಇಳಿಯಬೇಕಲ್ಲವೇ? ಬಹುಮಟ್ಟಿಗೆ ಹೌದು, ಆದರೆ ಒಂದು ಹಂತದವರೆಗೆ ಮಾತ್ರ. ಅದಕ್ಕಿಂತ ಕೆಳಗೆ ಇಳಿದಾಗ ಇಂದಿನ ಹಲವು ಎಸ್‌ಎಂಪಿಎಸ್‌ಗಳ ಕಂಟ್ರೋಲರ್ ಬರ್ಸ್ಟ್ ಮೋಡಿಗೆ ಹೋಗುತ್ತದೆ: ಸ್ವಲ್ಪ ಹೊತ್ತು ಸ್ವಿಚಿಂಗ್ ನಿಲ್ಲಿಸಿ, ಔಟ್‌ಪುಟ್ ಇಳಿದ ಮೇಲೆ ಒಂದಷ್ಟು ಪಲ್ಸ್ ಒಟ್ಟಿಗೆ ಬಿಡುತ್ತದೆ. ಆ ಬಿಡುವಿನಲ್ಲಿ ಬೋರ್ಡನ್ನು ಸಾಕುವುದು ಔಟ್‌ಪುಟ್ ಕೆಪಾಸಿಟರ್‌ಗಳು ಮಾತ್ರ. ಹಾಗಾಗಿ ಹತ್ತಾರು-ನೂರಾರು ಕಿಲೋಹರ್ಟ್ಜ್ ಲೆಕ್ಕದಲ್ಲಿದ್ದ ಸಣ್ಣ ಅಲೆಯ ಜೊತೆಗೆ, ಕಿವಿಗೆ ಕೇಳುವ ಫ್ರೀಕ್ವೆನ್ಸಿಯ ದೊಡ್ಡ ಅಲೆ ಸೇರಿಕೊಳ್ಳುತ್ತದೆ. ಖಾಲಿ ಇದ್ದಾಗಲೇ ಕಾಯಿಲ್ ಕಿರ್ ಅನ್ನುವುದು ಇದರಿಂದ.

ಅಗ್ಗದ, ಹಳೆಯ ವಿನ್ಯಾಸದವುಗಳ ಕಾಯಿಲೆ ಬೇರೆ. ಅವುಗಳಲ್ಲಿ 12 ಮತ್ತು 5 ವೋಲ್ಟ್ ಒಂದೇ ಔಟ್‌ಪುಟ್ ಕಾಯಿಲಿನಲ್ಲಿ ಸುತ್ತಿಕೊಂಡಿರುತ್ತವೆ, ಎರಡರ ನಿಯಂತ್ರಣವೂ ಒಟ್ಟಿಗೇ. ಪ್ರೊಸೆಸರ್ ಗಾಢ ನಿದ್ದೆಗೆ ಹೋದಾಗ 12 ವೋಲ್ಟಿನ ಲೋಡ್ ಕುಸಿಯುತ್ತದೆ. ಎಸ್‌ಎಸ್‌ಡಿ, ಯುಎಸ್‌ಬಿಗಳಿಂದ 5 ವೋಲ್ಟಿನ ಮೇಲೆ ಲೋಡ್ ಉಳಿದೇ ಇರುತ್ತದೆ. ಆಗ 5 ಇಳಿಯುತ್ತದೆ, 12 ಏರುತ್ತದೆ. ಗೇಮ್ ಆಡಿದರೆ ಏನೂ ಆಗದ ಮಷಿನ್ ಸುಮ್ಮನೆ ಬಿಟ್ಟಾಗ ಹ್ಯಾಂಗ್ ಆಗುತ್ತಿದ್ದರೆ ನನ್ನ ಮೊದಲ ಅನುಮಾನ ಇದರ ಮೇಲೆ. ರೈಜನ್ ಬೋರ್ಡಿನ ಬಯೋಸ್ ಸೆಟಿಂಗಿನಲ್ಲಿ ಪವರ್ ಸಪ್ಲೈ ಐಡಲ್ ಕಂಟ್ರೋಲ್ ಇದ್ದರೆ ಟಿಪಿಕಲ್ ಕರೆಂಟ್ ಐಡಲ್‌ಗೆ ಹಾಕಿ. ಇಂಟೆಲ್ ಆದರೆ ಸಿ6, ಸಿ7 ಸ್ಟೇಟ್ (ಪ್ರೊಸೆಸರಿನ ಗಾಢ ನಿದ್ದೆಯ ಹಂತಗಳು) ಆಫ್ ಮಾಡಿ. ಹ್ಯಾಂಗ್ ನಿಂತರೆ ಅನುಮಾನ ಬಲವಾಯಿತು. ವಿಂಡೋಸ್ ಮತ್ತೆ ಹಾಕಿ ಹೊತ್ತು ಕಳೆಯುವ ಮೊದಲು ಇದನ್ನು ನೋಡಿ.

ಬೆಂಚಿನ ಮೇಲೆ ಪರೀಕ್ಷಿಸಲು ಬೇಕಾದ ಲೋಡ್ ಸಣ್ಣದು. 12 ವೋಲ್ಟಿಗೆ 10 ಓಮ್‌ನ ಎರಡು ರೆಸಿಸ್ಟರ್ ಪ್ಯಾರಲಲ್ ಆಗಿ: 2.4 ಆಂಪ್, 28.8 ವ್ಯಾಟ್. 5 ಮತ್ತು 3.3 ವೋಲ್ಟಿಗೆ 4.7 ಓಮ್‌ನ ಒಂದೊಂದು: ಸುಮಾರು 5.3 ಮತ್ತು 2.3 ವ್ಯಾಟ್. ಒಟ್ಟು 36ರ ಆಸುಪಾಸು, ಅಂಗಡಿಯ ಮಷಿನ್ ಎಳೆಯುವಷ್ಟೇ. 50 ವ್ಯಾಟಿನ ಅಲ್ಯುಮಿನಿಯಂ ಮೈಯ ರೆಸಿಸ್ಟರ್ ತಂದು ಲೋಹದ ತಟ್ಟೆಗೆ ಸ್ಕ್ರೂ ಮಾಡಿ. ಬರಿ ಟೇಬಲ್ ಮೇಲಿಟ್ಟರೆ ಸನ್‌ಮೈಕಾ ಸುಡುತ್ತದೆ. 24 ಪಿನ್ ಕನೆಕ್ಟರಿನ ಹಸಿರು ವೈರನ್ನು ಕಪ್ಪು ವೈರಿಗೆ ಸೇರಿಸಿದರೆ ಎಸ್‌ಎಂಪಿಎಸ್ ಆನ್ ಆಗುತ್ತದೆ.

ಮಲ್ಟಿಮೀಟರಿನ ಎಸಿ ರೇಂಜಿನಲ್ಲಿ ರಿಪಲ್ ನೋಡಿ ತೀರ್ಮಾನಕ್ಕೆ ಬರಬೇಡಿ. ಸಾಮಾನ್ಯ ಮೀಟರಿಗೆ ಅಷ್ಟು ವೇಗದ ಅಲೆ ಕಾಣುವುದೇ ಇಲ್ಲ. ಅಲೆಯನ್ನು ಪರದೆಯ ಮೇಲೆ ತೋರಿಸುವ ಆಸಿಲೋಸ್ಕೋಪ್ ಬೇಕು: ಎಸಿ ಕಪ್ಲಿಂಗ್, 20 ಮೆಗಾಹರ್ಟ್ಜ್ ಬ್ಯಾಂಡ್‌ವಿಡ್ತ್ ಮಿತಿ, ಪ್ರೋಬ್ ಮುಟ್ಟುವ ಜಾಗದಲ್ಲೇ 10 ಮೈಕ್ರೊಫ್ಯಾರಡ್ ಎಲೆಕ್ಟ್ರೊಲಿಟಿಕ್ ಜೊತೆ 0.1ರ ಸೆರಾಮಿಕ್. ಪ್ರೋಬಿನ ಉದ್ದನೆಯ ಗ್ರೌಂಡ್ ವೈರ್ ಆಂಟೆನಾದಂತೆ ಸುತ್ತಲಿನ ಗದ್ದಲವನ್ನೆಲ್ಲ ಹಿಡಿಯುತ್ತದೆ, ಅದರ ಬದಲು ಸ್ಪ್ರಿಂಗ್ ತುದಿ ಬಳಸಿ. ಟೈಮ್‌ಬೇಸ್ 5 ಮೈಕ್ರೊಸೆಕೆಂಡಿನಲ್ಲಿ ಒಮ್ಮೆ, 2 ಮಿಲಿಸೆಕೆಂಡಿನಲ್ಲಿ ಇನ್ನೊಮ್ಮೆ ನೋಡಲೇಬೇಕು. ಮೊದಲನೆಯದರಲ್ಲಿ ಗೆರೆ ಚೆನ್ನಾಗಿ ಕಂಡರೂ ಬರ್ಸ್ಟ್ ಮೋಡಿನ ಗರಗಸದಂಥ ಅಲೆ ಕಾಣುವುದು ಎರಡನೆಯದರಲ್ಲೇ. ಬಳಿಕ 12 ವೋಲ್ಟಿನ ರೆಸಿಸ್ಟರ್ ಒಂದನ್ನು ಕಳಚಿ 5 ವೋಲ್ಟಿಗೆ ಇನ್ನೊಂದು 4.7 ಓಮ್ ಸೇರಿಸಿ. 12 ವೋಲ್ಟ್ ಲೈನ್ 12.60 ದಾಟಿತೋ, ಅದನ್ನು ಅಂಗಡಿಗೆ ವಾಪಸ್ ಮಾಡಿ.

ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುವುದಕ್ಕೂ ರಿಪಲ್ಲಿಗೂ ಸಂಬಂಧವಿಲ್ಲ. ಅದು ಅರ್ಥಿಂಗ್ ಇಲ್ಲದ ಪ್ಲಗ್ಗಿನ ದೋಷ. ಇನ್‌ಪುಟ್ ಫಿಲ್ಟರಿನ ವೈ ಕೆಪಾಸಿಟರ್‌ಗಳು (ಮೈನ್ಸ್ ವೈರಿಗೂ ಲೋಹದ ಮೈಗೂ ನಡುವೆ ಇರುವವು) ಮೈನ್ಸಿನ ಅರ್ಧದಷ್ಟು ವೋಲ್ಟೇಜನ್ನು ಕ್ಯಾಬಿನೆಟ್ಟಿಗೆ ತಂದಿಟ್ಟಿರುತ್ತವೆ. ಎಸ್‌ಎಂಪಿಎಸ್ ಬದಲಿಸಿದರೆ ಹೋಗುವುದಿಲ್ಲ.

ನಮ್ಮ ಬೇಸಿಗೆ 40 ಡಿಗ್ರಿ ದಾಟುತ್ತದೆ, ಎರೆಮಣ್ಣಿನ ದೂಳು ಫ್ಯಾನಿಗೆ ಮೆತ್ತುತ್ತದೆ. ಕೆಪಾಸಿಟರಿನ ಬಿಸಿ 10 ಡಿಗ್ರಿ ಏರಿದರೆ ಆಯುಷ್ಯ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಹೊಸದು ಕೊಳ್ಳುವುದಾದರೆ 5 ಮತ್ತು 3.3ಕ್ಕೆ ಬೇರೆ ಡಿಸಿ-ಡಿಸಿ ಮಾಡ್ಯೂಲ್ ಇರುವುದನ್ನೇ ಕೇಳಿ. ಹಳೆಯದಕ್ಕೆ ಕೆಪಾಸಿಟರ್ ಬದಲಿಸುವವರು ಅದೇ ಮೈಕ್ರೊಫ್ಯಾರಡ್, ಅದೇ ಅಥವಾ ಹೆಚ್ಚಿನ ವೋಲ್ಟೇಜ್, 105 ಡಿಗ್ರಿಯ ಲೋ ಇಎಸ್‌ಆರ್ (ಒಳಗಿನ ರೆಸಿಸ್ಟೆನ್ಸ್ ಕಡಿಮೆ ಇರುವ) ಕೆಪಾಸಿಟರ್ ಹಾಕಿ. ಕವರ್ ಬಿಚ್ಚುವ ಮುನ್ನ ಪ್ಲಗ್ ಕಿತ್ತು ಕಾಯಿರಿ. ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಹೆಚ್ಚು ಉಳಿದಿರಬಹುದು. ಮೀಟರ್ ಇಟ್ಟು ಇಳಿದಿದೆ ಎಂದು ಖಚಿತವಾದ ಮೇಲಷ್ಟೇ ಕೈ ಹಾಕಿ.